ಶಾಲೆಯ ಮಕ್ಕಳಿಗೆ ಮಾಸ್ಕು ಕಡ್ಡಾಯ ಮಾಡತಕ್ಕದ್ದೇ?



ಕೊರೊನಾ ಜಾಡ್ಯದ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ನೆಯ ಇಸವಿ ಮೇ 5ರಂದು ಸಾರಿತು. ಅಲ್ಲಿಂದೀಚೆಗೆ ನಮ್ಮ ಊರುಗಳಲ್ಲಿ ಮಾಸ್ಕಿನ ಮಾತು ನಿಂತಿದೆ. ಗೋಡೆಯ ಮೊಳೆಯಲ್ಲಿ ತೂಗಾಡುತ್ತಿದ್ದ ಮಾಸ್ಕುಗಳೆಲ್ಲ ಯಾವಾಗಲೋ ಕಸಕ್ಕೆ ಹೋದವು. ಆದರೆ ತಂದೆತಾಯಂದಿರು ನಾಲ್ಕು ಜನ ಸೇರಿದಲ್ಲಿ ಒಂದು ಪ್ರಶ್ನೆ ಈಗಲೂ ಏಳುವುದುಂಟು. ಇಂಥ ಜಾಡ್ಯ ಇನ್ನೊಮ್ಮೆ ಬಂದರೆ ಶಾಲೆಯ ಮಕ್ಕಳಿಗೆ ಮಾಸ್ಕನ್ನು ಕಡ್ಡಾಯ ಮಾಡಬೇಕೆ, ಬೇಡವೆ? ಒಬ್ಬರು ಬೇಕೇ ಬೇಕು ಎನ್ನುತ್ತಾರೆ. ಇನ್ನೊಬ್ಬರು ಮಕ್ಕಳ ಮೂಗುಬಾಯಿ ಕಟ್ಟುವುದು ಪಾಪ ಎನ್ನುತ್ತಾರೆ. ರೋಗ ಊರಿಗೆ ಬಂದು ನಿಂತಾಗ ಈ ಚರ್ಚೆಗೆ ಕುಳಿತರೆ ಸಮಾಧಾನದ ಮಾತು ಹೊರಡದು. ಹೊಳೆ ತುಂಬಿದ ಮೇಲೆ ಕಟ್ಟ ಕಟ್ಟಲಾಗುವುದೇ? ಈಗ ಊರು ಶಾಂತವಾಗಿರುವಾಗಲೇ ವಿಷಯವನ್ನು ವಿಚಾರಿಸಿ ನೋಡುವುದು ಮೇಲು.

ನಾನು ಬೇಸಾಯ ಕಲಿತವನು, ವೈದ್ಯನಲ್ಲ. ಆದರೂ ಒಂದು ಉಪಾಯದಿಂದ ಫಲ ಬಂದಿತೋ ಇಲ್ಲವೋ ಎಂದು ಪರೀಕ್ಷಿಸುವ ಕ್ರಮ ಗದ್ದೆಗೂ ಒಂದೇ, ರೋಗಕ್ಕೂ ಒಂದೇ. ಆ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ನಡೆದುದೇನು

2020ರ ಮಾರ್ಚ್ ಮಧ್ಯದಲ್ಲಿ ಕರ್ನಾಟಕದ ಶಾಲೆಗಳು ಮುಚ್ಚಿದವು. ಅದೇ ವರ್ಷದ ಮೇ, ಜೂನ್ ತಿಂಗಳುಗಳಲ್ಲಿ ಮುಂಬಯಿಯಿಂದಲೂ ಮಹಾರಾಷ್ಟ್ರದ ಇತರ ಊರುಗಳಿಂದಲೂ ನಮ್ಮವರು ಸಾವಿರಗಟ್ಟಲೆ ಹಿಂತಿರುಗಿದರು. ಆಗ ಕುಂದಾಪುರ, ಬೈಂದೂರು ಕಡೆಯ ಎಷ್ಟೋ ಶಾಲೆಗಳೇ ಕ್ವಾರಂಟೈನ್ ಕೇಂದ್ರಗಳಾದುದನ್ನು ತಾವು ಕಂಡಿದ್ದೀರಿ. ಬೆಂಚುಗಳನ್ನು ಬದಿಗೆ ಸರಿಸಿ, ಹೋಟೆಲಿನಲ್ಲಿ ದುಡಿದು ಬಂದ ಅಣ್ಣತಮ್ಮಂದಿರನ್ನು ಮಲಗಿಸಿದ್ದರು. ಜೂನ್ ಮೊದಲಲ್ಲಿ ನಮ್ಮ ಉಡುಪಿ ಜಿಲ್ಲೆಯ ರೋಗಿಗಳ ಸಂಖ್ಯೆ ರಾಜ್ಯದಲ್ಲೇ ಮೇಲಿತ್ತು.

ಮಕ್ಕಳ ಮಾಸ್ಕಿಗೆ ಮೊದಲ ದೊಡ್ಡ ಪರೀಕ್ಷೆ ಬಂದುದು ಆ ವರ್ಷದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ. ಮಾರ್ಚಿನಲ್ಲಿ ನಿಂತುಹೋದ ಪರೀಕ್ಷೆಯನ್ನು ಜೂನ್ 25ರಿಂದ ನಡೆಸಲಾಯಿತು. ಎಸ್. ಸುರೇಶ್ ಕುಮಾರ್ ಅವರು ಆಗ ಶಿಕ್ಷಣ ಮಂತ್ರಿಗಳು. ಬೇಡವೆಂದು ಹೇಳಿದವರು ಬಹಳ ಮಂದಿ. ಆದರೂ ರಾಜ್ಯದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ನೋಂದಾಯಿಸಿದ್ದ ಆ ಪರೀಕ್ಷೆ ಮಾಸ್ಕು ಹಾಕಿಕೊಂಡೇ ನಡೆದು ಮುಗಿಯಿತು. ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ಮಾಸ್ಕು ಹೊಲಿದುಕೊಟ್ಟರು.

ಸಣ್ಣ ಮಕ್ಕಳ ಸರದಿ ಬಂದುದು ಬಹಳ ತಡವಾಗಿ. ಮರದಡಿಯಲ್ಲಿ, ಜಗಲಿಯಲ್ಲಿ, ದೇವಸ್ಥಾನದ ಚಂದ್ರಶಾಲೆಯಲ್ಲಿ ನಡೆದ ವಿದ್ಯಾಗಮವನ್ನು ಬಿಟ್ಟರೆ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದುದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ಒಂದನೆಯ ತರಗತಿಗೆ ಸೇರಿದ ಮಗು ಶಾಲೆಯ ಗಂಟೆಯನ್ನು ಸರಿಯಾಗಿ ಕೇಳದೆಯೇ ಎರಡನೆಯದಕ್ಕೆ ಹೋಯಿತು. ತೆರೆದಾಗ ಮಾಸ್ಕು ಕಡ್ಡಾಯವಾಗಿತ್ತು. ತರುವಾಯ ಅದು ಸಡಿಲಿತು. 2022ರ ಡಿಸೆಂಬರ್ ಕೊನೆಯಲ್ಲಿ ಚೀನಾದಲ್ಲಿ ರೋಗ ಏರಿದ ಸುದ್ದಿ ಬಂದಾಗ ಶಾಲೆ ಕಾಲೇಜುಗಳಲ್ಲಿ ಮತ್ತೆ ಮಾಸ್ಕು ಹಾಕಬೇಕೆಂದು ಸರಕಾರ ಹೇಳಿತು. ಆ ಬಾರಿ ಎಷ್ಟು ಮಂದಿ ಹಾಕಿದರೆಂಬುದನ್ನು ತಾವೇ ಬಲ್ಲಿರಿ.

ವಯಸ್ಸಿನ ವಿಷಯದಲ್ಲಿ ತಜ್ಞರು ಏನೆಂದರು? ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ 2020ರ ಆಗಸ್ಟಿನಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದವು. ಐದು ವರ್ಷದವರೆಗಿನವರಿಗೆ ಮಾಸ್ಕು ಕಡ್ಡಾಯ ಬೇಡ. ಆರರಿಂದ ಹನ್ನೊಂದು ವರ್ಷದವರಿಗೆ ಊರಿನ ರೋಗಸ್ಥಿತಿ, ಮಗುವಿನ ಸಾಮರ್ಥ್ಯ, ಮನೆಯಲ್ಲಿರುವ ಮುದುಕರು ಇವನ್ನೆಲ್ಲ ನೋಡಿ ತೀರ್ಮಾನಿಸತಕ್ಕದ್ದು. ಹನ್ನೆರಡಾದವರಿಗೆ ದೊಡ್ಡವರ ನಿಯಮವೇ. ನಮ್ಮ ಕೇಂದ್ರ ಆರೋಗ್ಯ ಇಲಾಖೆಯ ಮಹಾನಿರ್ದೇಶಕರ ಕಚೇರಿಯೂ 2021ರ ಜೂನಿನಲ್ಲಿ ಹೆಚ್ಚು ಕಡಿಮೆ ಇದನ್ನೇ ಹೇಳಿತು. ಅಮೆರಿಕದವರು ಮಾತ್ರ ಎರಡು ವರ್ಷ ತುಂಬಿದ ಮಗುವಿಗೂ ಹಾಕಿರೆಂದರು. ಎರಡು ವರ್ಷದ ಮಗು ತಲೆಯ ಮೇಲಿನ ಟೊಪ್ಪಿಯನ್ನೇ ಕಿತ್ತು ಎಸೆಯುವುದನ್ನು ನೋಡಿದ ನಮ್ಮ ತಾಯಂದಿರಿಗೆ ಈ ಮಾತು ಒಪ್ಪಿತವಾಗದಿದ್ದರೆ ಆಶ್ಚರ್ಯವಿಲ್ಲ.

ಬಲೆಯ ಕಣ್ಣು ಮತ್ತು ರೋಗಾಣು

ಕಡಲ ಬದಿಯ ನಮ್ಮವರು ಒಂದು ಪ್ರಶ್ನೆ ಕೇಳುತ್ತಾರೆ. ಬಲೆಯ ಕಣ್ಣು ದೊಡ್ಡದಿದ್ದರೆ ಸಣ್ಣ ಮೀನು ನುಸುಳಿ ಹೋಗುತ್ತದೆ. ಕೊರೊನಾದ ರೋಗಾಣು ಬಟ್ಟೆಯ ತೂತಿಗಿಂತ ಎಷ್ಟೋ ಪಾಲು ಸಣ್ಣದು. ಹಾಗಿದ್ದ ಮೇಲೆ ಮಾಸ್ಕು ಅದನ್ನು ಹೇಗೆ ತಡೆಯುತ್ತದೆ? ಪ್ರಶ್ನೆ ಬುದ್ಧಿವಂತಿಕೆಯದು. ರೋಗಾಣು ಒಂದು ಮೈಕ್ರಾನಿನ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಇರುವುದು ನಿಜ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್.

ಆದರೆ ರೋಗಾಣು ಒಂಟಿಯಾಗಿ ಹಾರುವುದಿಲ್ಲ. ಮಾತನಾಡುವಾಗ, ಕೆಮ್ಮುವಾಗ, ಮಗ್ಗಿ ಹೇಳುವಾಗ ಬಾಯಿಂದ ಹೊರಡುವ ಎಂಜಲಿನ ಹನಿಗಳಲ್ಲಿ ಅದು ಸೇರಿಕೊಂಡಿರುತ್ತದೆ. ಈ ಹನಿಗಳಲ್ಲಿ ದೊಡ್ಡವು ಹತ್ತಿರದಲ್ಲೇ ನೆಲಕ್ಕೆ ಬೀಳುತ್ತವೆ. ಕಣ್ಣಿಗೆ ಕಾಣದ ಸಣ್ಣವು ಒಲೆಯ ಹೊಗೆಯಂತೆ ಕೋಣೆಯ ಗಾಳಿಯಲ್ಲಿ ತೇಲಾಡಿಕೊಂಡಿರುತ್ತವೆ. ಮೊದಮೊದಲು ದೊಡ್ಡ ಹನಿಗಳೇ ಮುಖ್ಯವೆಂದು ತಿಳಿದು ಕೈ ತೊಳೆಯುವುದನ್ನೂ ಮೇಜು ಒರಸುವುದನ್ನೂ ಬಹಳ ಹೇಳಿದರು. ಗಾಳಿಯಲ್ಲಿ ತೇಲುವುದರಿಂದಲೂ ರೋಗ ಹರಡುತ್ತದೆಂಬುದು 2021ರ ಹೊತ್ತಿಗೆ ಸ್ಪಷ್ಟವಾಗಿ ಒಪ್ಪಿತವಾಯಿತು. ಹೊಗೆ ಎಂದು ಭಾವಿಸಿದರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಹೊಗೆ ಕಟ್ಟುತ್ತದೆ, ತೆರೆದ ಜಗಲಿಯಲ್ಲಿ ಹೋಗಿಬಿಡುತ್ತದೆ.

ಮಾಸ್ಕು ಬಲೆಯ ಹಾಗೆ ಒಂದು ಪದರದ ಕಣ್ಣುಗಳಲ್ಲ. ಅದನ್ನು ಹುಲ್ಲಿನ ಕುತ್ತರಿಗೆ ಹೋಲಿಸಬೇಕು. ಕುತ್ತರಿಯೊಳಗೆ ಗಾಳಿ ನುಸುಳಬಹುದು, ಆದರೆ ಧೂಳು ಅಡ್ಡಾದಿಡ್ಡಿ ಹುಲ್ಲಿಗೆ ತಾಗಿ ಅಲ್ಲಲ್ಲೇ ಅಂಟಿಕೊಳ್ಳುತ್ತದೆ. ಆಸ್ಪತ್ರೆಯವರು ಹಾಕುವ ನೀಲಿ ಬಣ್ಣದ ಮೂರು ಪದರದ ಸರ್ಜಿಕಲ್ ಮಾಸ್ಕಿನ ನಡುವಿನ ಪದರಕ್ಕೆ ವಿದ್ಯುತ್ ಆವೇಶವನ್ನೂ ಕೊಟ್ಟಿರುತ್ತಾರೆ. ಹಣಿಗೆಯನ್ನು ತಲೆಗೆ ಉಜ್ಜಿ ಹಿಡಿದರೆ ಕಾಗದದ ಚೂರು ಬಂದು ಅಂಟುತ್ತದಲ್ಲ, ಅದೇ ತತ್ತ್ವ. ಇದನ್ನು ಸಾಬೂನು ಹಾಕಿ ಒಗೆದರೆ ಆ ಶಕ್ತಿ ಹೋಗುತ್ತದೆ. ಹಣ ಉಳಿಯಲಿ ಎಂದು ನೀಲಿ ಮಾಸ್ಕನ್ನು ವಾರಗಟ್ಟಲೆ ಒಗೆದು ಒಗೆದು ಹಾಕಿದ ಮನೆಗಳು ಬಹಳ. ಎನ್-95 ಎಂಬುದು ಹಿಡಿಯಲು ಅತ್ಯಂತ ಕಷ್ಟವಾದ 0.3 ಮೈಕ್ರಾನಿನ ಕಣಗಳಲ್ಲಿಯೂ ನೂರರಲ್ಲಿ 95ನ್ನಾದರೂ ತಡೆಯುತ್ತದೆ. ಮನೆಯಲ್ಲಿ ಹೊಲಿದ ಬಟ್ಟೆಯ ಮಾಸ್ಕು ಈ ಮೂರರಲ್ಲಿ ಕೊನೆಯದು.

ಆದರೆ ಎಂಥ ಮಾಸ್ಕಾದರೂ ಕೆನ್ನೆಯ ಬದಿಯಲ್ಲಿ ಎಡೆ ಬಿಟ್ಟಿದ್ದರೆ ಉಸಿರು ಆ ದಾರಿಯಲ್ಲೇ ಹೋಗುತ್ತದೆ. ಅಂಚಿನಲ್ಲಿ ಬಿರುಕು ಬಿಟ್ಟ ಗದ್ದೆಯಲ್ಲಿ ನೀರು ನಿಲ್ಲುತ್ತದೆಯೇ? ಮಕ್ಕಳ ಮುಖ ಚಿಕ್ಕದು. ಅಂಗಡಿಯಲ್ಲಿ ಸಿಗುತ್ತಿದ್ದುದು ಹೆಚ್ಚಾಗಿ ದೊಡ್ಡವರ ಅಳತೆ. ಎರಡನೆಯ ತರಗತಿಯ ಹುಡುಗನಿಗೆ ಅಪ್ಪನ ಮಾಸ್ಕು ಹಾಕಿ ಕಳಿಸಿದರೆ ಅದು ಕಣ್ಣಿನಿಂದ ಕೊರಳವರೆಗೆ ಬರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ಪ್ರತಿ ರೋಗಕ್ಕೂ ಅದರದರ ದಾರಿ ಇದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಬರುವಂಥದು. ಘಟ್ಟದ ಬುಡದ ನಮ್ಮ ಹಳ್ಳಿಗಳಿಗೆ ಅದರ ಭಯ ಉಂಟು. ಅದಕ್ಕೆ ಮಾಸ್ಕಿನಿಂದ ಕಾಸಿನ ಪ್ರಯೋಜನವಿಲ್ಲ, ಮೈಗೆ ಎಣ್ಣೆ ಹಚ್ಚಿಯೇ ಕಾಡಿಗೆ ಹೋಗಬೇಕು. ಡೆಂಗಿಗೂ ಹಾಗೆಯೇ, ಅದರ ದಾರಿ ಸೊಳ್ಳೆ.

ಬೈಲಿಗೂ ಬೆಟ್ಟಿಗೂ ಹೋಲಿಕೆ

ಮಾಸ್ಕು ತತ್ತ್ವದಲ್ಲಿ ಹನಿಯನ್ನು ತಡೆಯುತ್ತದೆ ಎಂದಾಯಿತು. ಶಾಲೆಯಲ್ಲಿ ಕಡ್ಡಾಯ ಮಾಡಿದರೆ ಊರಿನಲ್ಲಿ ರೋಗ ಕಡಿಮೆಯಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಒಂದು ತಳಿ ಸಂಶೋಧನಾ ಕೇಂದ್ರದ ತಾಕಿನಲ್ಲಿ ಎಷ್ಟು ಬೆಳೆಯಿತು ಎಂಬುದು ಒಂದು, ತಮ್ಮ ಗದ್ದೆಯಲ್ಲಿ ಎಷ್ಟು ಬೆಳೆಯಿತು ಎಂಬುದು ಇನ್ನೊಂದು.

ಇದನ್ನು ತಿಳಿಯಲು ಒಳ್ಳೆಯ ಪ್ರಯೋಗ ಬೇಕು. ನಾವು ಗೊಬ್ಬರದ ಪ್ರಾತ್ಯಕ್ಷಿಕೆ ಮಾಡುವಾಗ ಗೊಬ್ಬರ ಹಾಕಿದ ತಾಕನ್ನು ಬೈಲಿನಲ್ಲಿಯೂ ಹಾಕದ ತಾಕನ್ನು ಬೆಟ್ಟು ಗದ್ದೆಯಲ್ಲಿಯೂ ಇಟ್ಟರೆ ತಾವು ನಗುತ್ತೀರಿ. ಬೈಲಿನ ಫಸಲು ಹೆಚ್ಚಾದರೆ ಅದು ಗೊಬ್ಬರದ ಗುಣವೋ, ನೀರಿನ ಗುಣವೋ? ಅಕ್ಕಪಕ್ಕದ ಒಂದೇ ತರದ ತಾಕುಗಳಲ್ಲಿ ಚೀಟಿ ಎತ್ತಿ ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ಟರೆ ಮಾತ್ರ ನಂಬಬಹುದು.

ದೊಡ್ಡವರ ಮೇಲೆ ಇಂಥ ಒಂದು ಪ್ರಯೋಗ ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ ನಡೆಯಿತು. 2020ರ ನವೆಂಬರಿನಿಂದ 2021ರ ಏಪ್ರಿಲಿನವರೆಗೆ 600 ಹಳ್ಳಿಗಳನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಅರ್ಧಕ್ಕೆ ಮಾಸ್ಕು ಹಂಚಿ ತಿಳಿವಳಿಕೆ ಹೇಳಿದರು, ಉಳಿದರ್ಧವನ್ನು ಇದ್ದ ಹಾಗೆ ಬಿಟ್ಟರು. ಸುಮಾರು 3 ಲಕ್ಷ 40 ಸಾವಿರ ಜನ. ಹಂಚದ ಹಳ್ಳಿಗಳಲ್ಲಿ ನೂರಕ್ಕೆ 13 ಜನ ಸರಿಯಾಗಿ ಮಾಸ್ಕು ಹಾಕುತ್ತಿದ್ದರೆ ಹಂಚಿದ ಹಳ್ಳಿಗಳಲ್ಲಿ 42 ಜನ ಹಾಕಿದರು. ರೋಗಲಕ್ಷಣವಿದ್ದು ರಕ್ತಪರೀಕ್ಷೆಯಲ್ಲಿಯೂ ಖಚಿತವಾದವರ ಸಂಖ್ಯೆ ಹಂಚಿದ ಹಳ್ಳಿಗಳಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆಯಾಯಿತು. ಸರ್ಜಿಕಲ್ ಮಾಸ್ಕು ಕೊಟ್ಟ ಹಳ್ಳಿಗಳ ಅರುವತ್ತು ದಾಟಿದವರಲ್ಲಿ ಮೂರರಲ್ಲೊಂದು ಪಾಲಿನಷ್ಟು ಇಳಿಯಿತು. ಬಟ್ಟೆಯ ಮಾಸ್ಕಿನ ಗುಣ ಸ್ಪಷ್ಟವಾಗಿ ಕಾಣಲಿಲ್ಲ. ಸಣ್ಣ ಲಾಭ, ಆದರೆ ಲಾಭ. ಮಕ್ಕಳು ಈ ಪ್ರಯೋಗದಲ್ಲಿ ಇರಲಿಲ್ಲ.

ಮಕ್ಕಳ ವಿಷಯದಲ್ಲಿ ಸಿಗುವ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ಸ್ಪೇನ್ ದೇಶದ ಕ್ಯಾಟಲೋನಿಯಾ ಪ್ರಾಂತ್ಯದಲ್ಲಿ ಆರು ವರ್ಷದಿಂದ ಮೇಲಿನ ಮಕ್ಕಳಿಗೆ ಮಾಸ್ಕು ಕಡ್ಡಾಯವಿತ್ತು, ಐದು ವರ್ಷದವರಿಗೆ ಇರಲಿಲ್ಲ. 2021ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಸುಮಾರು ಆರು ಲಕ್ಷ ಮಕ್ಕಳ ಲೆಕ್ಕ ತೆಗೆದು ನೋಡಿದರು. ಮಾಸ್ಕು ಹಾಕದ ಐದು ವರ್ಷದವರಲ್ಲಿ ಹಾಕಿದ ಆರು ವರ್ಷದವರಿಗಿಂತ ರೋಗ ಹೆಚ್ಚಿರಲಿಲ್ಲ. ಇನ್ನೊಂದು ಅಮೆರಿಕದ ಬಾಸ್ಟನ್ ನಗರದ ಸುತ್ತಿನದು. 2022ರ ಫೆಬ್ರವರಿ ಕೊನೆಯಲ್ಲಿ ಅಲ್ಲಿಯ ಸರಕಾರ ಕಡ್ಡಾಯವನ್ನು ತೆಗೆಯಿತು. 72 ಶಾಲಾ ವಲಯಗಳಲ್ಲಿ ಎರಡು ಮಾತ್ರ ಮಾಸ್ಕನ್ನು ಉಳಿಸಿಕೊಂಡವು. ತೆಗೆದ ಕಡೆ ಮುಂದಿನ 15 ವಾರಗಳಲ್ಲಿ ಸಾವಿರ ಜನಕ್ಕೆ ಸುಮಾರು 45 ರೋಗಿಗಳು ಹೆಚ್ಚಾದರೆಂದು ಲೆಕ್ಕ ಹೇಳಿತು.

ಎರಡರಲ್ಲಿ ಯಾವುದು ಸರಿ? ಎರಡೂ ಚೀಟಿ ಎತ್ತಿ ಮಾಡಿದ ಪ್ರಯೋಗಗಳಲ್ಲ. ಐದು ವರ್ಷದ ಮಗುವೂ ಆರು ವರ್ಷದ ಮಗುವೂ ಒಂದೇ ಅಲ್ಲ. ಮಾಸ್ಕು ಉಳಿಸಿಕೊಂಡ ವಲಯವೂ ತೆಗೆದ ವಲಯವೂ ಒಂದೇ ಅಲ್ಲ. ಬೈಲಿಗೂ ಬೆಟ್ಟಿಗೂ ಹೋಲಿಕೆ ಮಾಡಿದಂತಾಯಿತು. ನನಗೆ ತೋರುವುದೇನೆಂದರೆ, ತೀರ ಸಣ್ಣ ಮಕ್ಕಳಲ್ಲಿ ಲಾಭ ಕಾಣುವಷ್ಟು ದೊಡ್ಡದಲ್ಲ, ದೊಡ್ಡ ತರಗತಿಗಳಲ್ಲಿಯೂ ಶಾಲೆಯ ಅಧ್ಯಾಪಕರಲ್ಲಿಯೂ ಸ್ವಲ್ಪ ಇರಬಹುದು.

ಹಿಂದಿನ ಕಾಲದಲ್ಲಿಯೂ ಹೀಗೇ ಆಗಿತ್ತು. 1910-11ರಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಬಂದಾಗ ವೂ ಲಿಯೆನ್-ತೆ ಎಂಬ ವೈದ್ಯರು ಹತ್ತಿಯನ್ನು ಇಟ್ಟ ದಪ್ಪ ಬಟ್ಟೆಯ ಮಾಸ್ಕನ್ನು ಬಳಕೆಗೆ ತಂದರು. ಅದನ್ನು ತಾತ್ಸಾರ ಮಾಡಿ ರೋಗಿಗಳನ್ನು ನೋಡಲು ಹೋದ ಫ್ರೆಂಚ್ ವೈದ್ಯರೊಬ್ಬರು ಕೆಲವೇ ದಿನಗಳಲ್ಲಿ ತೀರಿಕೊಂಡರು. 1918ರ ಇನ್‌ಫ್ಲುಯೆಂಜಾದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ ತೆಳು ಜಾಳಿಗೆಯ ಬಟ್ಟೆಯನ್ನೇ ಎಲ್ಲರಿಗೂ ಕಡ್ಡಾಯ ಮಾಡಿ, ಹಾಕದವರಿಗೆ ದಂಡ ವಿಧಿಸಿತು. ಎರಡು ವರ್ಷದ ನಂತರ ಆ ರಾಜ್ಯದ ಆರೋಗ್ಯಾಧಿಕಾರಿ ಕೆಲ್ಲಾಗ್ ಎಂಬವರೇ ಪ್ರಯೋಗ ಮಾಡಿ, ಅಂಥ ಮಾಸ್ಕನ್ನು ಕಡ್ಡಾಯ ಮಾಡುವಷ್ಟು ಗುಣ ಅದರಲ್ಲಿ ಕಾಣಲಿಲ್ಲವೆಂದು 1920ರಲ್ಲಿ ಬರೆದರು.

ಮಗುವಿಗೇನು, ಮುದುಕರಿಗೇನು

ಕೊರೊನಾ ರೋಗ ಮಕ್ಕಳನ್ನು ಮುಟ್ಟಲಿಲ್ಲವೆಂಬುದು ಸುಳ್ಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2021ರ ಜೂನ್-ಜುಲೈಯಲ್ಲಿ ದೇಶದಾದ್ಯಂತ ರಕ್ತ ಪರೀಕ್ಷಿಸಿದಾಗ ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ 57ರಷ್ಟು, ಹತ್ತರಿಂದ ಹದಿನೇಳರವರಲ್ಲಿ 61ಕ್ಕೂ ಮೇಲೆ, ರೋಗ ಬಂದುಹೋದ ಗುರುತು ಸಿಕ್ಕಿತು. ಆ ಹೊತ್ತಿಗೆ ಸಣ್ಣವರ ಶಾಲೆಗಳು ಹೆಚ್ಚಿನ ಕಡೆ ಮುಚ್ಚಿಯೇ ಇದ್ದವು ಎಂಬುದನ್ನು ಗಮನಿಸತಕ್ಕದ್ದು. ರೋಗ ಅವರಿಗೆ ಮನೆಯಲ್ಲಿ, ಮದುವೆಯಲ್ಲಿ, ನೆರೆಕೆರೆಯಲ್ಲಿ ತಗಲಿತು.

ತಗಲಿದರೂ ಮಕ್ಕಳಲ್ಲಿ ಬಹುಮಂದಿಗೆ ಅದು ಎರಡು ದಿನದ ಜ್ವರವಾಗಿ ಹೋಯಿತು. ಸ್ವೀಡನ್ ದೇಶ 2020ರ ಮಾರ್ಚಿನಿಂದ ಜೂನಿನವರೆಗೆ ಸಣ್ಣವರ ಶಾಲೆಗಳನ್ನು ತೆರೆದೇ ಇಟ್ಟು, ಮಾಸ್ಕನ್ನೂ ಹೇಳಲಿಲ್ಲ. ಅಲ್ಲಿಯ 19 ಲಕ್ಷ 50 ಸಾವಿರ ಮಕ್ಕಳಲ್ಲಿ ಆ ಅವಧಿಯಲ್ಲಿ ತೀವ್ರ ನಿಗಾ ಘಟಕ ಸೇರಿದವರು 15, ಈ ರೋಗದಿಂದ ತೀರಿಕೊಂಡವರು ಇಲ್ಲ. ಅಪರೂಪಕ್ಕೆ ಕೆಲವು ಮಕ್ಕಳಿಗೆ ಗಂಭೀರವಾದುದೂ ಉಂಟು. ಹೃದ್ರೋಗ, ಸಕ್ಕರೆ ಕಾಯಿಲೆ ಮುಂತಾದವು ಮೊದಲೇ ಇರುವ ಮಗುವನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ಹಾಗಾದರೆ ಮಾಸ್ಕು ಯಾರಿಗಾಗಿ? ಹೆಚ್ಚಾಗಿ ಮನೆಯ ಅಜ್ಜ ಅಜ್ಜಿಯರಿಗಾಗಿ. ನಮ್ಮ ಮನೆಗಳಲ್ಲಿ ಶಾಲೆಯಿಂದ ಬಂದ ಮಗು ನೇರವಾಗಿ ಹೋಗುವುದು ಅಜ್ಜಿಯ ಮಡಿಲಿಗೆ. ಲಸಿಕೆ ಬಾರದ ಕಾಲದಲ್ಲಿ ಈ ಕಾರಣ ಬಹಳ ದೊಡ್ಡದಾಗಿತ್ತು. ಹದಿನೈದು ದಾಟಿದ ಮಕ್ಕಳಿಗೆ 2022ರ ಜನವರಿ 3ರಿಂದ, ಹನ್ನೆರಡು ದಾಟಿದವರಿಗೆ ಮಾರ್ಚ್ 16ರಿಂದ ಲಸಿಕೆ ಬಂತು. ಮುದುಕರಿಗೆ ಅದಕ್ಕಿಂತ ಮೊದಲೇ ಬಂದಿತ್ತು. ಆ ಮೇಲೆ ಮಕ್ಕಳ ಮಾಸ್ಕಿನ ತೂಕ ಕಡಿಮೆಯಾಯಿತು. ಮುಂದೆ ಬರುವ ಜಾಡ್ಯ ಬೇರೆ ತರದ್ದಿರಬಹುದು, ಮಕ್ಕಳನ್ನೇ ಹೆಚ್ಚು ಬಾಧಿಸುವಂಥದೂ ಆಗಬಹುದು. ಆಗ ಈ ಲೆಕ್ಕವೆಲ್ಲ ತಿರುವುಮುರುವಾಗುತ್ತದೆ. ಇಂದಿನ ಮಾತನ್ನೇ ಅಂದಿಗೂ ಹಿಡಿದು ಕೂರಬಾರದು.

“ಉಸ್ರು ಕಟ್ಟುದಿಲ್ಯಾ ಮಾರಾಯ್ರೆ?” ಎಂದು ಕೇಳುವವರಿದ್ದಾರೆ. ಆರೋಗ್ಯವಂತ ಮಗುವಿಗೆ ಸಾಮಾನ್ಯ ಮಾಸ್ಕಿನಿಂದ ಉಸಿರು ಕಟ್ಟುವುದಿಲ್ಲ. ಜರ್ಮನಿಯಲ್ಲಿ 45 ಮಕ್ಕಳ ಮೇಲೆ ಪರೀಕ್ಷೆ ಮಾಡಿ ಮಾಸ್ಕಿನೊಳಗೆ ಕೆಟ್ಟ ಗಾಳಿ ಅಪಾಯಕರವಾಗಿ ತುಂಬುತ್ತದೆಂದು ಹೇಳಿದ ಬರಹವೊಂದು 2021ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತು. ಅಳತೆಯ ಕ್ರಮ ಸರಿಯಿಲ್ಲವೆಂದು ಅದೇ ಜುಲೈಯಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಮೊಬೈಲಿನಲ್ಲಿ ಮೊದಲಿನ ಸುದ್ದಿ ಓಡಿತು, ಹಿಂತೆಗೆದ ಸುದ್ದಿ ಓಡಲಿಲ್ಲ. ಆದರೆ ಉಸಿರಾಡಲು ಕಷ್ಟಪಡುತ್ತಿರುವ ಮಗು, ತಾನಾಗಿ ಮಾಸ್ಕು ತೆಗೆಯಲಾರದ ಅಂಗವಿಕಲ ಮಗು, ಓಡಿ ಆಡುತ್ತಿರುವ ಮಗು, ಇವರಿಗೆ ಕಟ್ಟಬಾರದು.

ಕಲಿಕೆಯ ಮಾತು ಇದಕ್ಕಿಂತ ಗಟ್ಟಿಯಾದುದು. ನಮ್ಮ ಮಗು ಮನೆಯಲ್ಲಿ ಕುಂದಗನ್ನಡ ಆಡಿಕೊಂಡು ಬರುತ್ತದೆ. ಪುಸ್ತಕದ ಕನ್ನಡ ಅದಕ್ಕೆ ಅರೆಪಾಲು ಹೊಸತು. ತಕಾರಕ್ಕೂ ಥಕಾರಕ್ಕೂ, ಶಕಾರಕ್ಕೂ ಷಕಾರಕ್ಕೂ ವ್ಯತ್ಯಾಸವನ್ನು ಅದು ಟೀಚರ ಬಾಯಿ ನೋಡಿಯೇ ಕಲಿಯಬೇಕು. ಒಂದನೆಯ, ಎರಡನೆಯ ತರಗತಿಯಲ್ಲಿ ಟೀಚರೂ ಮಗುವೂ ಬಾಯಿ ಮುಚ್ಚಿಕೊಂಡರೆ ಅಕ್ಷರಾಭ್ಯಾಸ ಹೇಗೆ ನಡೆಯಬೇಕು? ಕಿವಿ ಮಂದವಾದ ಮಕ್ಕಳ ಪಾಡಂತೂ ಹೇಳತೀರದು.

ಆದರೂ ಮಾಸ್ಕಿನಿಂದ ಆದ ನಷ್ಟ, ಶಾಲೆ ಮುಚ್ಚಿದುದರಿಂದ ಆದ ನಷ್ಟದ ಮುಂದೆ ಲೆಕ್ಕಕ್ಕೆ ಬಾರದು. ಅಸರ್ ಎಂಬ ಸಮೀಕ್ಷೆಯವರು ಕರ್ನಾಟಕದ ಹಳ್ಳಿಗಳಲ್ಲಿ 2021ರ ಮೊದಲ ಭಾಗದಲ್ಲಿ ಮಕ್ಕಳನ್ನು ಓದಿಸಿ ನೋಡಿದರು. ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯವರು 2018ರಲ್ಲಿ ನೂರಕ್ಕೆ ಸುಮಾರು 19 ಮಂದಿ ಇದ್ದರು; ಅದು ಸುಮಾರು 10ಕ್ಕೆ ಇಳಿದಿತ್ತು. ಮಾಸ್ಕು ಹಾಕಿದರೆ ಶಾಲೆ ತೆರೆದಿರುತ್ತದೆ ಎಂದಾದರೆ ಮಾಸ್ಕು ಹಾಕಿಯೇ ತೆರೆಯಲಿ ಎಂದು ನಾನು ಹೇಳುವುದು ಇದಕ್ಕಾಗಿ.

ನಮ್ಮ ಮಳೆಗಾಲದ ಶಾಲೆ

ಕಿಟಕಿ ತೆರೆದಿಡಿ, ಗಾಳಿ ಆಡಲಿ ಎಂದು ಸುತ್ತೋಲೆ ಬರುತ್ತದೆ. ಬೆಂಗಳೂರಿನಲ್ಲಿ ಕುಳಿತು ಬರೆಯುವವರಿಗೆ ನಮ್ಮ ಆಷಾಢದ ಮಳೆಯ ಅಂದಾಜಿಲ್ಲ. ಕುಂದಾಪುರ ಸೀಮೆಯಲ್ಲಿ ಶಾಲೆಯ ಪಾಠಕ್ಕೂ ಮುಂಗಾರಿಗೂ ಒಂದೇ ಮುಹೂರ್ತ. ಪಡುವಣ ಗಾಳಿಗೆ ಎರಚಲು ಬೀಳುತ್ತದೆ, ಕಿಟಕಿ ಮುಚ್ಚದೆ ಉಪಾಯವಿಲ್ಲ. ತೆಕ್ಕಟ್ಟೆ, ಕುಂಭಾಸಿಯ ಹಾಗೆ ಕಡಲಿಗೆ ಹತ್ತಿರದ ಊರುಗಳಲ್ಲಿ ಇದು ಇನ್ನೂ ಹೆಚ್ಚು. ಜೂನಿನಿಂದ ಆಗಸ್ಟಿನವರೆಗೆ ಮಕ್ಕಳು ಒದ್ದೆ ಬಟ್ಟೆಯಲ್ಲಿ ಮುಚ್ಚಿದ ಕೋಣೆಯಲ್ಲಿ ಒತ್ತೊತ್ತಾಗಿ ಕುಳಿತಿರುತ್ತಾರೆ. ಮಾಸ್ಕಿನ ಉಪಯೋಗ ಎಲ್ಲಿಯಾದರೂ ಇದ್ದರೆ ಅದು ಇಲ್ಲಿ. ದೀಪಾವಳಿಯ ನಂತರ ಮರದಡಿಯಲ್ಲಿ ಪಾಠ ಮಾಡಬಹುದಾದ ದಿನಗಳಲ್ಲಿ ಅದೇ ಕಡ್ಡಾಯವನ್ನು ಮುಂದುವರಿಸುವುದಕ್ಕೆ ಅರ್ಥವಿಲ್ಲ.

ಇದರಲ್ಲಿ ಒಂದು ವಿಶೇಷ. ಹಳೆಯ ಹಂಚಿನ ಮಾಡಿನ ಶಾಲೆಗಳಲ್ಲಿ ಗೋಡೆಗೂ ಮಾಡಿಗೂ ನಡುವೆ ಎಡೆ ಇರುತ್ತದೆ, ಹಂಚಿನ ಸಂದಿನಲ್ಲಿಯೂ ಬಿಸಿಗಾಳಿ ಹೊರಹೋಗುತ್ತದೆ. ಹೊಸ ಕಾಂಕ್ರೀಟು ಕೋಣೆಗೆ ಆ ಸೌಕರ್ಯವಿಲ್ಲ. ಶಾಲೆ ದುರಸ್ತಿಯ ಹಣ ಬಂದಾಗ ಮೇಲ್ಗಡೆ ಮಳೆ ಎರಚದಂತೆ ಮರೆ ಮಾಡಿದ ಗಾಳಿಗಂಡಿಗಳನ್ನು ಇಡಿಸಿಕೊಂಡರೆ ಅದು ಜಾಡ್ಯವಿರಲಿ ಇಲ್ಲದಿರಲಿ ಉಪಯೋಗಕ್ಕೆ ಬರುತ್ತದೆ. ಮಾಸ್ಕಿನಂತೆ ಮಗುವಿನ ಮರ್ಜಿಯನ್ನು ಅದು ಕಾಯುವುದಿಲ್ಲ.

ಮಳೆಯಲ್ಲಿ ನಡೆದು ಬಂದ ಮಗುವಿನ ಮಾಸ್ಕು ಶಾಲೆ ಮುಟ್ಟುವಾಗಲೇ ಒದ್ದೆಯಾಗಿರುತ್ತದೆ. ಒದ್ದೆ ಮಾಸ್ಕಿನಲ್ಲಿ ಉಸಿರಾಟವೂ ಕಷ್ಟ, ಪ್ರಯೋಜನವೂ ಇಲ್ಲ. ಚೀಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಣಗಿದ ಇನ್ನೊಂದು ಇರಲೇಬೇಕು. ಮಧ್ಯಾಹ್ನ ಬಿಸಿಯೂಟಕ್ಕೆ ಎಲ್ಲರೂ ಮಾಸ್ಕು ತೆಗೆದು ಎದುರುಬದುರು ಕುಳಿತು ಗಲಗಲ ಮಾತನಾಡುತ್ತಾರೆ. ಬೆಳಗಿನಿಂದ ಕಾಪಾಡಿದುದು ಅರ್ಧ ಗಂಟೆಯಲ್ಲಿ ಹೋಗುತ್ತದೆ. ಜಗಲಿಯಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ, ಎರಡು ಪಂಕ್ತಿಯಲ್ಲಿ ಬಡಿಸಿದರೆ ಒಳ್ಳೆಯದು. ಬಾಡಿಗೆಯ ಓಮ್ನಿಯಲ್ಲಿ, ರಿಕ್ಷಾದಲ್ಲಿ ಗಾಜು ಏರಿಸಿ ಮಕ್ಕಳನ್ನು ತುಂಬಿ ಒಯ್ಯುವುದು ತರಗತಿಗಿಂತಲೂ ಕೆಟ್ಟದು. ಅಲ್ಲಿ ಸಣ್ಣದೊಡ್ಡದೆನ್ನದೆ ಆರು ದಾಟಿದ ಎಲ್ಲರೂ ಹಾಕಲಿ.

ಎಲ್ಲಕ್ಕಿಂತ ಮೊದಲು ಜ್ವರ ಬಂದ ಮಗುವನ್ನು ಮನೆಯಲ್ಲಿರಿಸಿರಿ. ನಾಟಿಯ ದಿನ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಮಾತ್ರೆ ನುಂಗಿಸಿ ಮಾಸ್ಕು ಹಾಕಿ ಕಳಿಸುವುದನ್ನು ಕಂಡಿದ್ದೇನೆ. ಕಷ್ಟ ಅರ್ಥವಾಗುತ್ತದೆ. ಆದರೆ ಆ ಒಂದು ಮಗುವಿಗೆ ಕಟ್ಟಿದ ಮಾಸ್ಕಿಗಿಂತ ಅದು ಮನೆಯಲ್ಲಿ ಮಲಗಿದ ಮೂರು ದಿನದ ಗುಣ ಹೆಚ್ಚು.

ನನ್ನ ಅಭಿಪ್ರಾಯ

ಅಂಗನವಾಡಿಯಲ್ಲಿ ಬೇಡವೇ ಬೇಡ. ಒಂದರಿಂದ ಐದನೆಯ ತರಗತಿಗೆ ಕಡ್ಡಾಯ ಬೇಡ. ಹಾಕುವ ಮಗುವಿಗೆ ಪ್ರೋತ್ಸಾಹ ಕೊಡಲಿ, ಟೀಚರು ಅಕ್ಷರ ಹೇಳಿಕೊಡುವಾಗ ದೂರದಲ್ಲಿ ನಿಂತು ಮಾಸ್ಕು ತೆಗೆಯಲಿ. ಆರನೆಯ ತರಗತಿಯಿಂದ ಮೇಲಕ್ಕೆ, ತಾಲೂಕಿನಲ್ಲಿ ರೋಗ ಏರುತ್ತಿರುವಾಗ, ಮುಚ್ಚಿದ ಕೋಣೆಯಲ್ಲಿ, ಕಡ್ಡಾಯ ಮಾಡಬಹುದು. ಹೊತ್ತು ನೋಡಿ ಮಾಡಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಹೊಡೆಯುತ್ತೇವೆ. ಕಾಯಿ ಉದುರಿದ ಮೇಲೆ ಹೊಡೆದವನೂ, ಬೇಸಗೆಯಲ್ಲಿಯೂ ಹೊಡೆಯುತ್ತಲೇ ಇರುವವನೂ ಸುಣ್ಣ ಮೈಲುತುತ್ತ ದಂಡ ಮಾಡಿದಂತೆ. ಆಜ್ಞೆ ಹೊರಡಿಸುವಾಗಲೇ ಅದು ಯಾವಾಗ ಮುಗಿಯುತ್ತದೆಂದೂ ಬರೆದಿರಬೇಕು.

ಕಡ್ಡಾಯ ಮಾಡುವವರೇ ಮಾಸ್ಕು ಕೊಡಬೇಕು. ಮೂರು ಮಕ್ಕಳಿರುವ ಕೂಲಿ ಮನೆಗೆ ದಿನಕ್ಕೆ ಆರು ಮಾಸ್ಕು ಎಲ್ಲಿಂದ ಬರಬೇಕು? 2020ರಲ್ಲಿ ಸ್ವಸಹಾಯ ಸಂಘದ ಹೆಂಗಸರು ಹೊಲಿದುಕೊಟ್ಟರು. ಪಂಚಾಯತಿನವರು ಕೂಲಿ ಕೊಟ್ಟು ಹೊಲಿಸಿ ಶಾಲೆಯಲ್ಲಿ ಇಡಬಹುದು. ಮಾಸ್ಕಿಲ್ಲವೆಂದು ಯಾವ ಮಗುವನ್ನೂ ಗೇಟಿನಿಂದ ಹಿಂದಕ್ಕೆ ಕಳಿಸಕೂಡದು. ಹಿಂದಕ್ಕೆ ಹೋದ ಮಗು ಬಡವನದ್ದೇ ಆಗಿರುತ್ತದೆ, ಎರಡು ಸಲ ಹೋದರೆ ಮೂರನೆಯ ಸಲ ಬರುವುದಿಲ್ಲ.

ಮತ್ತೆ ದೊಡ್ಡವರ ವಿಚಾರ. ಹಳ್ಳಿಯಲ್ಲಿ ಮಾಸ್ಕಿಲ್ಲದವರಿಗೆ 100 ರೂಪಾಯಿ ದಂಡವಿದ್ದ ಕಾಲದಲ್ಲಿಯೂ ಮದುವೆಯ ಹಾಲಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ನಾವೆಲ್ಲ ಗಲ್ಲದ ಕೆಳಗೆ ಮಾಸ್ಕು ಇಳಿಸಿಕೊಂಡು ನಿಂತಿದ್ದೆವು. ಮಕ್ಕಳನ್ನು ಮಾತ್ರ ಆರು ಗಂಟೆ ಕಟ್ಟಿ ಕೂರಿಸುವುದು ನ್ಯಾಯವಲ್ಲ. ಮಕ್ಕಳಿಗೆ ರೋಗ ತಂದವರು ಹೆಚ್ಚಾಗಿ ದೊಡ್ಡವರೇ. ತೋಟಕ್ಕೆ ಔಷಧಿ ಹೊಡೆಯುವಾಗ ಮೂಗಿಗೆ ಬೈರಾಸು ಸಹ ಕಟ್ಟದವರು ಮಗುವಿನ ಮಾಸ್ಕಿನ ಬಗ್ಗೆ ವಾದಕ್ಕೆ ನಿಲ್ಲುವುದನ್ನು ಕಂಡಾಗ ನಗು ಬರುತ್ತದೆ. (ಬೈರಾಸಾಗಲಿ ಬಟ್ಟೆಯ ಮಾಸ್ಕಾಗಲಿ ಔಷಧಿಯ ವಿಷಗಾಳಿಯನ್ನು ತಡೆಯುವುದಿಲ್ಲ, ಅದಕ್ಕೆ ಬೇರೆ ಮುಖವಾಡವೇ ಬೇಕು. ಆ ವಿಷಯವನ್ನು ಇನ್ನೊಮ್ಮೆ ಬರೆಯುತ್ತೇನೆ.)

ಹೊಲಿಸುವವರು ಗಮನಿಸಬೇಕಾದುದು ಇಷ್ಟು. ಮೂರು ಪದರವಿರಲಿ. ಬಾಯಿಗೆ ತಾಗುವ ಒಳಪದರ ಹತ್ತಿಯದು, ನಡುವಿನದು ಅಂಗಡಿಯ ಕೈಚೀಲಕ್ಕೆ ಬಳಸುವಂಥ ನೇಯದ ಬಟ್ಟೆ, ಹೊರಗಿನದು ನೀರು ಬೇಗ ಹೀರದ ಪಾಲಿಯೆಸ್ಟರ್ ಮಿಶ್ರದ್ದು. ಮಗುವಿನ ಮುಖದ ಅಳತೆ ಹಿಡಿದೇ ಕತ್ತರಿಸಬೇಕು. ಮೂಗಿನ ಮೇಲಿಂದ ಗಲ್ಲದ ಕೆಳಗಿನವರೆಗೆ ಮುಚ್ಚಬೇಕು, ಕಣ್ಣಿಗೆ ತಾಗಬಾರದು. ಕಿವಿಯ ದಾರ ಸಡಿಲವಾದರೆ ಗಂಟು ಹಾಕಿ ಬಿಗಿ ಮಾಡಿರಿ. ಬಟ್ಟೆಯದನ್ನು ದಿನವೂ ಸಾಬೂನಿನಲ್ಲಿ ಒಗೆಯಬೇಕು. ಅಣ್ಣನದನ್ನು ತಂಗಿ ಹಾಕದಂತೆ ಮೂಲೆಯಲ್ಲಿ ಬೇರೆ ಬೇರೆ ಬಣ್ಣದ ನೂಲಿನಿಂದ ಒಂದು ಗುರುತು ಹೊಲಿಯಿರಿ. ಮಳೆಗಾಲದಲ್ಲಿ ಬಿಸಿಲಿಲ್ಲದಾಗ ಒಲೆಯ ಬದಿಯ ಹಗ್ಗದಲ್ಲಿ ಒಣಗಿಸಬಹುದು, ಆದರೆ ಹೊಗೆ ಹಿಡಿಯದ ಬದಿಯಲ್ಲಿ. ಹೊಗೆವಾಸನೆ ಹತ್ತಿದ ಮಾಸ್ಕನ್ನು ಮಗು ಶಾಲೆಯ ದಾರಿಯಲ್ಲೇ ತೆಗೆದು ಚೀಲಕ್ಕೆ ಹಾಕಿಬಿಡುತ್ತದೆ.